‘ಕಥೆಯ ನೀತಿ ಏನು?’ ಅಂತ ಕೇಳೋದು ಮೊದಲು ನಿಲ್ಲಿಸಿ

1/8

ಫೋಟೋದಲ್ಲಿರೋದು ಕನ್ನಡ ಪೇಪರ್‌ನ ಗೈಡ್. ಪರೀಕ್ಷೆಗೆ ಹದಿನೈದು ದಿನ ಇರುವಾಗ ಚಿಕ್ಕಬಳ್ಳಾಪುರದ ಯಾವ ಝೆರಾಕ್ಸ್ ಅಂಗಡಿಗೆ ಹೋದ್ರೂ ಇದೇ. ಒಂದೊಂದು ಕಥೆಗೂ ಮೂರು ಹೆಡ್ಡಿಂಗ್: ಲೇಖಕರ ಪರಿಚಯ, ಸಾರಾಂಶ, ಕಥೆಯ ಮೌಲ್ಯ. ಮುಗೀತು. ಮೂಲ ಕಥೆ ಮುಟ್ಟದೇ ಪಾಸ್ ಆಗಬಹುದು. ಆಗ್ತಾನೂ ಇದ್ದೀವಿ.

ಕಥೆ ಯಾವುದೇ ಇರಲಿ, ಮೌಲ್ಯ ಮಾತ್ರ ಒಂದೇ: ‘ಮಾನವೀಯತೆ ಮುಖ್ಯ’, ‘ದುರಾಸೆ ಕೆಟ್ಟದ್ದು’, ‘ಹೆಣ್ಣಿನ ಶೋಷಣೆ ನಿಲ್ಲಬೇಕು’. ಇದನ್ನ ಹೇಳೋಕೆ ಒಬ್ಬ ಲೇಖಕ ನಲವತ್ತು ಪುಟ ಯಾಕೆ ಬರೀಬೇಕಿತ್ತು? ಗೋಡೆ ಮೇಲೆ ಒಂದು ಸಾಲು ಬರೆಸಿದ್ರೆ ಸಾಕಿತ್ತಲ್ವಾ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಇಂಗ್ಲಿಷ್‌ಗೆ ತಂದವರು ದೀಪಾ ಭಾಸ್ತಿ. ಅವತ್ತು ನಮ್ಮೆಲ್ಲರ ಸ್ಟೇಟಸ್‌ನಲ್ಲಿ ಹಳದಿ ಕೆಂಪು ಬಾವುಟ. ಆ ಪುಸ್ತಕದಲ್ಲಿ 12 ಕಥೆ ಇದೆ. ಸ್ಟೇಟಸ್ ಹಾಕಿದವರಲ್ಲಿ ಎಷ್ಟು ಜನ ಒಂದಾದ್ರೂ ಓದಿದ್ರು? ಕೈ ಎತ್ತಬೇಡಿ, ನಿಮಗೆ ನೀವೇ ಹೇಳ್ಕೊಳ್ಳಿ ಸಾಕು.

ನನ್ನ ವಾದ ಇಷ್ಟೇ. ಪಾತ್ರ, ಹಂದರ, ಆವರಣ, ನಿರೂಪಕ, ಸಂಕೇತ ಇವೆಲ್ಲ ಎರಡು ಮಾರ್ಕಿನ ವ್ಯಾಖ್ಯೆಗಳಲ್ಲ. ಇವು ಪ್ರಶ್ನೆಗಳು. ಈ ಪ್ರಶ್ನೆ ಕೇಳೋಕೆ ಬರದವರನ್ನ ಯಾರು ಬೇಕಾದ್ರೂ ಕಥೆ ಹೇಳಿ ಯಾಮಾರಿಸಬಹುದು. ಮುಂದಿನ ಏಳು ಪೋಸ್ಟ್ ಅದರ ಬಗ್ಗೆ.

2/8

ಮೊದಲ ಪ್ರಶ್ನೆ: ಹೇಳ್ತಿರೋದು ಯಾರು?

ಮಾಸ್ತಿ ವೆಂಕಟೇಶ ಅಯ್ಯಂಗಾರ್ ನಮ್ಮ ಪಕ್ಕದವರೇ, ಮಾಲೂರು ತಾಲ್ಲೂಕಿನ ಮಾಸ್ತಿಯವರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗೋವರೆಗೂ ನಾವೆಲ್ಲ ಕೋಲಾರ ಜಿಲ್ಲೆಯವರೇ ತಾನೆ? ಅವರ ‘ರಂಗನ ಮದುವೆ’ ನಿಮ್ಮಲ್ಲಿ ಕೆಲವರಿಗೆ ಪಿಯುಸಿಯಲ್ಲಿ ಇಂಗ್ಲಿಷ್‌ನಲ್ಲೇ ಸಿಕ್ಕಿರಬಹುದು, ಎನ್‌ಸಿಇಆರ್‌ಟಿ ಪುಸ್ತಕದಲ್ಲಿತ್ತು.

ಕಥೆ ಗೊತ್ತಲ್ಲ. ಬೆಂಗಳೂರಲ್ಲಿ ಓದಿ ಬಂದ ರಂಗ ಈಗಲೇ ಮದುವೆ ಬೇಡ ಅಂತಾನೆ. ಶ್ಯಾಮ ಅನ್ನೋ ಊರಿನ ಹಿರಿಯ ಒಂದು ಉಪಾಯ ಮಾಡಿ, ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು, ರತ್ನ ಅನ್ನೋ ಹುಡುಗಿ ಜೊತೆ ಮದುವೆ ಆಗೋ ಹಾಗೆ ಮಾಡ್ತಾನೆ. ಗೈಡ್ ಪ್ರಕಾರ ಇದು ‘ಹಳ್ಳಿ ಜೀವನದ ಹಾಸ್ಯಮಯ ಚಿತ್ರಣ’.

ಈಗ ಕೇಳಿ: ಹೇಳ್ತಿರೋದು ಯಾರು? ಶ್ಯಾಮನೇ. ಉಪಾಯ ಮಾಡಿದವನೇ ಕಥೆ ಹೇಳ್ತಿದ್ದಾನೆ. ಅವನು ಸಖತ್ ಮಾತುಗಾರ. ಊರಿನ ಹುಳಿ ಮಾವಿನಕಾಯಿ ಬಗ್ಗೆ ಹೇಳ್ತಾನೆ, ತನ್ನ ಊರು ಭೂಪಟದಲ್ಲೇ ಇಲ್ಲ ಅಂತ ಗೊಣಗ್ತಾನೆ, ನಾವು ನಗ್ತೀವಿ, ಅವನ ಪಾರ್ಟಿಗೆ ಸೇರ್ಕೊಂಡುಬಿಡ್ತೀವಿ. ಅಷ್ಟರಲ್ಲಿ ಒಂದು ವಿಷಯ ಪಕ್ಕಕ್ಕೆ ಸರಿದುಹೋಗಿರುತ್ತೆ. ರತ್ನಳ ವಯಸ್ಸು ಹನ್ನೊಂದು. ಅವಳ ಮನಸ್ಸಲ್ಲಿ ಏನಿತ್ತು ಅಂತ ನಮಗೆ ತಿಳಿಯೋದೇ ಇಲ್ಲ. ಶ್ಯಾಮನಿಗೆ ಅದು ಮುಖ್ಯ ಅಲ್ಲ, ಆದ್ದರಿಂದ ನಮಗೂ ಕಾಣಿಸಲ್ಲ.

ಇದರರ್ಥ ಮಾಸ್ತಿ ಕೆಟ್ಟವರು ಅಂತಲ್ಲ. ಮಾಸ್ತಿ ಬೇರೆ, ಶ್ಯಾಮ ಬೇರೆ. ಬರೆಯೋ ಲೇಖಕ ಮತ್ತು ಕಥೆ ಒಳಗೆ ಮಾತಾಡೋ ನಿರೂಪಕ, ಈ ಇಬ್ಬರನ್ನ ಒಂದೇ ಅಂದ್ಕೊಂಡ್ರೆ ಕಥೆಯ ಅರ್ಧ ಕೈಬಿಟ್ಟ ಹಾಗೆ. ‘ಲೇಖಕರು ಹೇಳುತ್ತಾರೆ’ ಅಂತ ಉತ್ತರ ಶುರು ಮಾಡೋ ಮೊದಲು ಒಂದು ಸಲ ನೋಡಿ, ನಿಜವಾಗ್ಲೂ ಹೇಳ್ತಿರೋದು ಅವರೇನಾ?

3/8

ಎರಡನೇ ಪ್ರಶ್ನೆ: ನಮ್ಮನ್ನ ಎಲ್ಲಿ ನಿಲ್ಲಿಸಿದ್ದಾರೆ?

ಫೋಟೋ ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದ್ದು. ನಾಗರಕಲ್ಲುಗಳ ಮುಂದೆ ಸೆಲ್ಫಿ ನಾವೆಲ್ಲ ತೆಗೆಸ್ಕೊಂಡಿದ್ದೀವಿ, ಆದ್ರೆ ಹುತಾತ್ಮರ ಸ್ಮಾರಕದ ಹತ್ರ ನಿಂತು ಓದಿದವರು ಕಡಿಮೆ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸೋಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು ಅನ್ನೋ ಲೆಕ್ಕ ಹೇಳೋರ ಮೇಲೆ ಬದಲಾಗುತ್ತೆ.

ಈ ಎರಡು ವಾಕ್ಯ ನೋಡಿ. ‘ಗುಂಪಿನ ಮೇಲೆ ಗುಂಡು ಹಾರಿತು.’ ‘ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು.’ ಘಟನೆ ಒಂದೇ. ಮೊದಲನೇ ವಾಕ್ಯದಲ್ಲಿ ಗುಂಡು ತಾನಾಗೇ ಹಾರ್ತಾ ಇದೆ, ಬಂದೂಕು ಹಿಡಿದವರು ಯಾರೂ ಇಲ್ಲ. ‘ಜನ’ ಹೋಗಿ ‘ಗುಂಪು’ ಆಗಿದೆ. ಎರಡು ಪದದಲ್ಲಿ ತಪ್ಪು ಯಾರದು ಅನ್ನೋದೇ ಬದಲಾಯ್ತು. ದೃಷ್ಟಿಕೋನ ಅಂದ್ರೆ ಇದು. ನಾವು ಯಾರ ಬೆನ್ನ ಹಿಂದೆ ನಿಂತು ನೋಡ್ತಿದ್ದೀವಿ ಅನ್ನೋದು.

ದೇವನೂರ ಮಹಾದೇವ ಅವರ ‘ಒಡಲಾಳ’ ಓದಿ. ಚಿಂತಾಮಣಿ, ಗೌರಿಬಿದನೂರು ಕಡೆ ಕಡಲೆಕಾಯಿ ಬೆಳೆದ ಮನೆಯವರಿಗೆ ಬೇಗ ಒಳಗೆ ಇಳಿಯುತ್ತೆ. ಸಾಕವ್ವನ ಬಡ ಮನೆಗೆ ರಾತ್ರಿ ಕದ್ದ ಕಡಲೆಕಾಯಿ ಬರುತ್ತೆ. ಇಡೀ ಮನೆ ಕೂತು ತಿನ್ನುತ್ತೆ, ಹಬ್ಬದ ಥರ. ಆಮೇಲೆ ಪೊಲೀಸರು ಬರ್ತಾರೆ. ಇದೇ ಘಟನೆಯನ್ನ ಕಡಲೆಕಾಯಿ ಕಳ್ಕೊಂಡವನ ಜಗುಲಿಯಿಂದ ಹೇಳಿದ್ರೆ ಅದೊಂದು ಕಳ್ಳತನದ ಕೇಸ್, ಎಫ್‌ಐಆರ್‌ನಲ್ಲಿ ನಾಲ್ಕು ಸಾಲು. ಮಹಾದೇವ ನಮ್ಮನ್ನ ಒಲೆ ಪಕ್ಕ ಕೂರಿಸಿದ್ದಾರೆ. ಅಲ್ಲಿ ಕೂತವರಿಗೆ ಮೊದಲು ಗೊತ್ತಾಗೋದು ಹಸಿವು.

‘ಕಳ್ಳತನ ತಪ್ಪು’, ‘ಹಸಿವು ಕ್ರೂರ’ ಅಂತ ಮೌಲ್ಯ ಬರೆದುಬಿಡೋದು ಸುಲಭ. ನಮ್ಮನ್ನ ಎಲ್ಲಿ ಕೂರಿಸಿದ್ದಾರೆ, ಯಾಕೆ ಅಲ್ಲೇ ಕೂರಿಸಿದ್ದಾರೆ ಅಂತ ಕೇಳೋದು ಓದು.

4/8

ಮೂರನೇ ಪ್ರಶ್ನೆ: ಕಥೆ ಎಲ್ಲಿಂದ ಶುರು ಆಯ್ತು?

ನಡೆದಿದ್ದನ್ನ ನಡೆದ ಕ್ರಮದಲ್ಲೇ ಹೇಳಬೇಕು ಅಂತ ಯಾವ ಕಾನೂನೂ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನ ಬಿಡೋದು ಅಂತ ಆರಿಸಿ ಜೋಡಿಸೋದೇ ಹಂದರ. ಅನಂತಮೂರ್ತಿಯವರ ‘ಸಂಸ್ಕಾರ’ (1965) ನಾರಣಪ್ಪನ ಬಾಲ್ಯದಿಂದ ಶುರು ಆಗಲ್ಲ. ಅವನ ಸಾವು ಶುರುವಿನಲ್ಲೇ ಇದೆ. ಆಚಾರ ಬಿಟ್ಟವನ ಶವಕ್ಕೆ ಸಂಸ್ಕಾರ ಯಾರು ಮಾಡಬೇಕು? ಅದು ಆಗೋವರೆಗೂ ಅಗ್ರಹಾರದವರು ಊಟ ಮಾಡೋ ಹಾಗಿಲ್ಲ. ಅಲ್ಲಿಂದ ಒಬ್ಬೊಬ್ಬರ ಬಣ್ಣ ಬಯಲಾಗುತ್ತಾ ಹೋಗುತ್ತೆ. ಸಂಘರ್ಷ ಅಂದ್ರೆ ಹೊಡೆದಾಟ ಅಂತ ಸಿನಿಮಾ ನಮಗೆ ಕಲಿಸಿದೆ. ಇಲ್ಲಿ ಇಡೀ ಊರನ್ನ ಅಲ್ಲಾಡಿಸ್ತಿರೋದು ಅಲ್ಲಾಡದೇ ಮಲಗಿರೋ ಒಂದು ಹೆಣ.

ಇದನ್ನ ತಗೊಂಡು ನಮ್ಮ ಜಿಲ್ಲೆಗೆ ಬನ್ನಿ. ಹೆಬ್ಬಾಳ ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರ್ತಿದೆ. ಈ ಕಥೆಯನ್ನ ಒಣಗಿದ ಕೆರೆಯಿಂದ ಶುರು ಮಾಡಿ: ಬರದ ನಾಡಿಗೆ ನೀರು ಬಂತು, ಎಲ್ಲರೂ ಚಪ್ಪಾಳೆ ಹೊಡೀರಿ. ಬೆಂಗಳೂರಿನ ಮೋರಿಯಿಂದ ಶುರು ಮಾಡಿ: ಅವರಿಗೆ ಬೇಡವಾದದ್ದು ನಮ್ಮೂರಿಗೆ ಬಂತು, ಮೂರನೇ ಹಂತದ ಶುದ್ಧೀಕರಣ ಯಾಕೆ ಮಾಡಲಿಲ್ಲ ಅಂತ ಕೇಳಬೇಕಾಗುತ್ತೆ. ಸಾವಿರ ಅಡಿ ಕೊರೆಸಿದ್ರೂ ನೀರು ಬಾರದ ಬೋರ್‌ವೆಲ್‌ನಿಂದ ಶುರು ಮಾಡಿ: ನಮ್ಮ ನೀರನ್ನ ನಾವೇ ಹೇಗೆ ಖಾಲಿ ಮಾಡಿದ್ವಿ ಅನ್ನೋ ಕಥೆ ಬರುತ್ತೆ.

ಮೂರರಲ್ಲೂ ಒಂದು ಸುಳ್ಳು ಹೇಳಬೇಕಾಗಿಲ್ಲ. ಶುರು ಮಾಡೋ ಜಾಗ ಬದಲಾಯಿಸಿದ್ರೆ ಸಾಕು, ಹೀರೋ ಬದಲಾಗ್ತಾನೆ. ಚುನಾವಣೆ ಹೊತ್ತಿಗೆ ಯಾರಾದ್ರೂ ಈ ಕಥೆ ಹೇಳೋಕೆ ಬಂದಾಗ, ಅವರು ಎಲ್ಲಿಂದ ಶುರು ಮಾಡಿದ್ರು ಅಂತ ಗಮನಿಸಿ.

5/8

ನಾಲ್ಕನೇ ಪ್ರಶ್ನೆ: ಆ ಜಾಗ ನಿಜವಾಗ್ಲೂ ಇದೆಯಾ?

ಫೋಟೋ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್. ರೀಲರ್‌ಗಳು ಗೂಡನ್ನ ಬೆರಳಲ್ಲಿ ಒತ್ತಿ ನೋಡ್ತಾರೆ, ಕಿವಿ ಹತ್ರ ಅಲ್ಲಾಡಿಸ್ತಾರೆ. ಹೊರಗಿನವರಿಗೆ ಎಲ್ಲ ಗೂಡೂ ಒಂದೇ ಥರ. ಅವರಿಗೆ ಹಾಗಲ್ಲ.

ಈಗ ‘ಹಳ್ಳಿ’ ಅಂತ ಟೈಟಲ್ ಹಾಕಿರೋ ಯಾವುದಾದ್ರೂ ಒಂದು ಶಾರ್ಟ್ ಫಿಲ್ಮ್ ನೋಡಿ, ಕಾಲೇಜು ಮ್ಯಾಗಝೀನ್‌ನ ಯಾವುದಾದ್ರೂ ಕಥೆ ತೆಗೀರಿ. ‘ಅದೊಂದು ಸುಂದರವಾದ ಹಳ್ಳಿ. ಹಚ್ಚ ಹಸಿರು ಗದ್ದೆ, ಜುಳುಜುಳು ಹರಿಯುವ ನದಿ.’ ಯಾವ ನದಿ ಗುರು? ನಮ್ಮ ಉತ್ತರ ಪಿನಾಕಿನಿ ವರ್ಷದಲ್ಲಿ ಎಷ್ಟು ದಿನ ಹರಿಯುತ್ತೆ? ಆವರಣ ಅಂದ್ರೆ ಊರಿನ ಹೆಸರು ಬರೆಯೋದಲ್ಲ, ಹಿಂದೆ ಹಸಿರು ಪರದೆ ಕಟ್ಟೋದೂ ಅಲ್ಲ. ಆ ಜಾಗದಲ್ಲಿ ಇದ್ದದ್ದಕ್ಕೇ ಆ ಜನರಿಗೆ ಹಾಗಾಯ್ತು ಅಂತ ಅನ್ನಿಸಬೇಕು.

ಹುಳ ಸಾಕೋ ಮನೆಯವರಿಗೆ ಇದು ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಸೊಪ್ಪು ತಿನ್ನೋ ಸದ್ದು ಮಳೆ ಬಿದ್ದ ಹಾಗೆ ಕೇಳುತ್ತೆ. ಆ ವಾರ ಮನೆಯಲ್ಲಿ ಯಾರಿಗೂ ಸರಿ ನಿದ್ದೆ ಇಲ್ಲ. ಹುಳದ ಮನೆ ಒಳಗೆ ಹೊರಗಿನವರನ್ನ ಬಿಡಲ್ಲ, ನೆಂಟರು ಬಂದ್ರೂ ಬಾಗಿಲಲ್ಲೇ ಮಾತು. ಕಾಲೇಜು ಫೀಸು ಗೂಡಿನ ರೇಟಿನ ಮೇಲೆ ನಿಂತಿರುತ್ತೆ. ಇದಿಷ್ಟನ್ನ ಯಾರಾದ್ರೂ ಕಥೆಯಲ್ಲಿಟ್ಟರೆ, ಆ ಮನೆಯ ಹುಡುಗಿ ‘ಟ್ರಿಪ್‌ಗೆ ಬರಲ್ಲ’ ಅಂದಾಗ ಯಾಕೆ ಅಂತ ಬೇರೆ ವಿವರಿಸಬೇಕಾಗಿಲ್ಲ. ಆವರಣವೇ ಹೇಳುತ್ತೆ.

ಮಾತೂ ಆವರಣವೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಇನ್ನು ಕೆಲವು ಮನೆಗಳಲ್ಲಿ ಉರ್ದು. ಒಂದೇ ವಾಕ್ಯದಲ್ಲಿ ಎರಡು ಭಾಷೆ ದಾಟ್ತೀವಿ. ಆದ್ರೆ ಕಥೆ ಬರೆಯೋಕೆ ಕೂತ ತಕ್ಷಣ ಅಜ್ಜಿ ಬಾಯಲ್ಲಿ ಟೀವಿ ಸೀರಿಯಲ್ ಕನ್ನಡ ಬಂದುಬಿಡುತ್ತೆ. ಮಹಾದೇವ ಅವರು ‘ಕುಸುಮಬಾಲೆ’ಯನ್ನ (1984) ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದಾಗ ಅರ್ಥವೇ ಆಗಲ್ಲ ಅಂದವರು ಇದ್ರು. ಆಮೇಲೆ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಸೀಮೆಯ ಮಾತು ಕಥೆಗೆ ಲಾಯಕ್ಕಿಲ್ಲ ಅಂತ ತೀರ್ಮಾನ ಮಾಡಿದವರು ಯಾರು?

6/8

ಐದನೇ ಪ್ರಶ್ನೆ: ಹೇಳದೇ ಬಿಟ್ಟದ್ದು ಏನು?

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಪ್ರತಿಯೊಬ್ಬ ಬಿಕಾಂ ಸ್ಟೂಡೆಂಟ್ ಓದಬೇಕು. ಚಿಕ್ಕದು, ಒಂದು ಭಾನುವಾರ ಸಾಕು. ಕಷ್ಟದಲ್ಲಿದ್ದ ಒಂದು ಕುಟುಂಬ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರ್ ಅಂತ ದುಡ್ಡು ಕಾಣುತ್ತೆ. ‘ಸೋನಾ ಮಸಾಲ’. ನಿರೂಪಕ ಆ ಕಂಪನಿಯ ಡೈರೆಕ್ಟರ್, ಹೆಸರಿಗೆ ಮಾತ್ರ. ಕೆಲಸ ಇಲ್ಲ, ಸಂಬಳ ಇದೆ. ದಿನಾ ಕಾಫಿ ಹೌಸ್‌ನಲ್ಲಿ ಕೂರ್ತಾನೆ. ಇಡೀ ಪುಸ್ತಕ ಮುಗಿದ್ರೂ ಅವನ ಹೆಸರು ನಮಗೆ ಗೊತ್ತಾಗಲ್ಲ.

ಆ ಮನೆಯಲ್ಲಿ ಇರುವೆ ಬರುತ್ತೆ. ಮನೆಯವರು ಇರುವೆ ಕೊಲ್ಲೋಕೆ ಶುರು ಮಾಡ್ತಾರೆ, ಮೊದಮೊದಲು ಕಾಟ ತಡೀಲಾರದೆ, ಆಮೇಲಾಮೇಲೆ ಅದು ಅಭ್ಯಾಸ ಆಗುತ್ತೆ. ಗೈಡ್‌ನವರನ್ನ ಕೇಳಿದ್ರೆ ‘ಇರುವೆ = ಬಡತನದ ಸಂಕೇತ’ ಅಂತ ಬರೆದು ಕೆಳಗೆ ಗೆರೆ ಎಳೀತಾರೆ. ಸಂಕೇತ ಅಂದ್ರೆ ಡಿಕ್ಷನರಿ ಅಲ್ಲ. ಇರುವೆ ಮೊದಲು ಇರುವೆಯೇ. ಪುಟ ತಿರುಗಿಸ್ತಾ ಹೋದ ಹಾಗೆ, ತಮಗೆ ಅಡ್ಡ ಬಂದ ಸಣ್ಣ ಜೀವಗಳನ್ನ ಈ ಮನೆ ಏನು ಮಾಡುತ್ತೆ ಅನ್ನೋ ಅನುಮಾನ ನಮ್ಮೊಳಗೆ ಬೆಳೆಯುತ್ತೆ. ಚಿಕ್ಕಪ್ಪನನ್ನ ಹುಡುಕಿಕೊಂಡು ಬಾಗಿಲಿಗೆ ಬಂದ ಒಬ್ಬ ಹೆಂಗಸನ್ನ ಮನೆಯವರು ಅವಮಾನ ಮಾಡಿ ಓಡಿಸ್ತಾರೆ. ನಿರೂಪಕ ಸುಮ್ಮನಿರ್ತಾನೆ. ಅದನ್ನ ಪ್ರಶ್ನೆ ಮಾಡೋಳು ಅವನ ಹೆಂಡತಿ ಅನಿತಾ. ಕೊನೆಗೆ ಅನಿತಾಗೆ ಏನಾಯ್ತು ಅಂತ ಪುಸ್ತಕ ಬಾಯಿಬಿಟ್ಟು ಹೇಳಲ್ಲ. ಆದ್ರೂ ಪುಸ್ತಕ ಮುಚ್ಚಿದಾಗ ಕೈ ತಣ್ಣಗಾಗಿರುತ್ತೆ.

ಹೇಳದೇ ಹೊಳೆಯಿಸೋ ಈ ಕೆಲಸಕ್ಕೆ ನಮ್ಮ ಹಳಬರು ಇಟ್ಟ ಹೆಸರು ಧ್ವನಿ. ಒಂಬತ್ತನೇ ಶತಮಾನದಲ್ಲೇ ಆನಂದವರ್ಧನ ಇದರ ಮೇಲೆ ‘ಧ್ವನ್ಯಾಲೋಕ’ ಬರೆದ. ಸಾರಾಂಶದಲ್ಲಿ ಮೊದಲು ಸಾಯೋದೇ ಇದು. ಹೇಳದೇ ಇರೋದನ್ನ ಸಾರಾಂಶ ಹೇಗೆ ಮಾಡ್ತೀರ?

7/8

ಈಗ ನಿಮ್ಮ ತಕರಾರುಗಳಿಗೆ ಬರ್ತೀನಿ.

‘ಹೀಗೆ ಬಿಡಿಸಿ ನೋಡಿದ್ರೆ ಕಥೆಯ ಮಜಾ ಹೋಗುತ್ತೆ.’ ಕ್ರಿಕೆಟ್ ನೋಡುವಾಗ ಫೀಲ್ಡ್ ಸೆಟ್ಟಿಂಗ್, ಬೌಲರ್ ಮಣಿಕಟ್ಟು ಎಲ್ಲ ಸ್ಲೋ ಮೋಷನ್‌ನಲ್ಲಿ ಬಿಡಿಸಿ ಬಿಡಿಸಿ ನೋಡ್ತೀರಲ್ಲ, ಅಲ್ಲಿ ಮಜಾ ಹೋಯ್ತಾ? ಆಟ ಗೊತ್ತಿದ್ದವರಿಗೇ ಜಾಸ್ತಿ ಮಜಾ. ಮಜಾ ಕೊಲ್ಲೋದು ವ್ಯಾಖ್ಯೆ ಬಾಯಿಪಾಠ ಮಾಡಿಸೋದು. ಅದಕ್ಕೆ ನನ್ನದೂ ವಿರೋಧ ಇದೆ.

‘ಇದೆಲ್ಲ ಇಂಗ್ಲಿಷ್ ಲಿಟರೇಚರ್‌ನವರ ಶೋಕಿ.’ ಕನ್ನಡದಲ್ಲಿ ನಮಗೆ ಸಿಕ್ಕಿರೋ ಅತ್ಯಂತ ಹಳೇ ಪುಸ್ತಕ ‘ಕವಿರಾಜಮಾರ್ಗ’, ಸುಮಾರು 850ರ ಹೊತ್ತಿನದು. ಅದು ಕಥೆಯಲ್ಲ, ಪುರಾಣವೂ ಅಲ್ಲ. ಬರವಣಿಗೆ ಹೇಗಿರಬೇಕು, ಅಲಂಕಾರ ಹೇಗೆ ಕೆಲಸ ಮಾಡುತ್ತೆ, ದೋಷ ಎಲ್ಲಿ ಬರುತ್ತೆ ಅಂತ ಹೇಳೋ ಪುಸ್ತಕ. ಓದು ಬರಹ ಕಲಿಯದ ಜನರಿಗೂ ಈ ನಾಡಲ್ಲಿ ಕಾವ್ಯದ ತಿಳಿವಳಿಕೆ ಇದೆ ಅಂತ ಅದು ಹೆಮ್ಮೆಪಡುತ್ತೆ. ಅಂಥ ಭಾಷೆಯವರು ನಾವು. ಈಗ ಪದವಿ ಓದ್ತಾ ‘ಇದು ನಮಗಲ್ಲ’ ಅಂತೀವಿ.

‘ಬಿಕಾಂಗೆ ಇದ್ಯಾಕೆ?’ ಇದಕ್ಕೆ ನಾನು ಕಾಯ್ತಿದ್ದೆ. 2009ರ ಜನವರಿ 7ಕ್ಕೆ ಸತ್ಯಂ ಕಂಪನಿಯ ಛೇರ್ಮನ್ ರಾಮಲಿಂಗ ರಾಜು ಒಂದು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್‌ನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡ್ರು. ಅಲ್ಲಿಯವರೆಗೂ ಆ ಬ್ಯಾಲೆನ್ಸ್ ಶೀಟ್ ಒಂದು ಚೆಂದದ ಕಥೆ ಹೇಳ್ತಾನೇ ಇತ್ತು. ಅಂಕಿ ಓದಿದವರು ಬಹಳ ಜನ. ಈ ಅಂಕಿಯನ್ನ ನಮಗೆ ಹೇಳ್ತಿರೋದು ಯಾರು, ಅವರಿಗೆ ಇದರಿಂದ ಏನು ಲಾಭ ಅಂತ ಕೇಳಿದವರು ಕಡಿಮೆ. ಅಕೌಂಟ್ಸ್‌ನಲ್ಲಿ ‘ವಿಂಡೋ ಡ್ರೆಸ್ಸಿಂಗ್’ ಅಂತ ಕಲೀತೀವಲ್ಲ, ಶ್ಯಾಮ ರಂಗನಿಗೆ ಮಾಡಿದ್ದೂ ಅದನ್ನೇ.

ಇನ್ನು ನಿಮ್ಮ ಫೀಡ್ ನೋಡಿ. ‘ಹಳ್ಳಿ ಹುಡುಗ, ಮೂರು ತಿಂಗಳ ಟ್ರೇಡಿಂಗ್ ಕೋರ್ಸ್, ಈಗ ಕಾರು.’ ಪಾತ್ರ ಇದೆ, ಸಂಘರ್ಷ ಇದೆ, ಸುಖಾಂತ್ಯ ಇದೆ. ಪಕ್ಕಾ ಕಥೆ. ನಿರೂಪಕ ಯಾರು? ಕೋರ್ಸ್ ಮಾರೋನು. ಹೇಳದೇ ಬಿಟ್ಟದ್ದು ಏನು? ಅದೇ ಕೋರ್ಸಿಗೆ ದುಡ್ಡು ಕಟ್ಟಿ ಕಳ್ಕೊಂಡವರು. ಸಾಲದ ಆ್ಯಪ್ ಜಾಹೀರಾತಿನಲ್ಲಿ ಕಥೆ ಎಲ್ಲಿಗೆ ನಿಲ್ಲುತ್ತೆ ನೋಡಿ, ದುಡ್ಡು ಕೈಗೆ ಬಂದ ಕ್ಷಣಕ್ಕೆ. ಇಎಂಐ ಕಟ್ಟೋ ಭಾಗ ಅವರ ಹಂದರದಲ್ಲೇ ಇಲ್ಲ.

8/8

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನೆ ಮಾಡದೇ ಯಾವುದನ್ನೂ ಒಪ್ಪಬೇಡಿ ಅಂತ ಜೀವನಪೂರ್ತಿ ಹೇಳಿದ್ರು. ಅವರು ಹೇಳಿದ್ದು ವಿಜ್ಞಾನದ ವಿಷಯದಲ್ಲಿ, ಪವಾಡಗಳ ವಿಷಯದಲ್ಲಿ. ಕಥೆಗೂ ಅದು ಅಷ್ಟೇ ಅನ್ವಯ ಅಂತ ನಾನು ಹೇಳ್ತೀನಿ. ಪ್ರಶ್ನೆ ಕೇಳಿದ್ರೆ ಕೆಟ್ಟ ಕಥೆ ಬಿದ್ದುಹೋಗುತ್ತೆ. ಒಳ್ಳೇ ಕಥೆಗೆ ಏನೂ ಆಗಲ್ಲ, ಇನ್ನೂ ಚೆನ್ನಾಗಿ ಕಾಣುತ್ತೆ.

ಮೇಷ್ಟ್ರುಗಳಿಗೆ ಒಂದು ಮಾತು, ಈ ಪೋಸ್ಟ್ ನಿಮ್ಮ ತನಕ ಬಂದ್ರೆ. ತಪ್ಪೆಲ್ಲ ನಿಮ್ಮದಲ್ಲ, ಸಿಲಬಸ್ ಮುಗಿಸಬೇಕು, ಗೊತ್ತು. ಆದ್ರೂ ಪ್ರಶ್ನೆಪತ್ರಿಕೆಯಲ್ಲಿ ಒಂದೇ ಒಂದು ಪ್ರಶ್ನೆ ಬದಲಾಯಿಸಿ. ‘ಕಥೆಯ ಸಾರಾಂಶ ಬರೆಯಿರಿ’ ಬದಲು ‘ಈ ಕಥೆಯನ್ನು ಬೇರೆ ಪಾತ್ರ ಹೇಳಿದ್ದರೆ ಏನು ಬದಲಾಗುತ್ತಿತ್ತು?’ ಅಂತ ಕೇಳಿ ನೋಡಿ. ಗೈಡ್ ನೋಡಿ ಬರೆಯೋಕೆ ಆಗಲ್ಲ. ಕಥೆ ಓದಲೇಬೇಕಾಗುತ್ತೆ.

ನಿಮಗೆ, ಅಂದ್ರೆ ನನ್ನ ಕ್ಲಾಸ್‌ಮೇಟ್ಸ್‌ಗೆ ಮತ್ತು ಪಿಯುಸಿ ತಮ್ಮ ತಂಗಿಯರಿಗೆ: ಐದು ಪ್ರಶ್ನೆ ಸೇವ್ ಮಾಡ್ಕೊಳ್ಳಿ.

ಹೇಳ್ತಿರೋದು ಯಾರು?
ನಮ್ಮನ್ನ ಎಲ್ಲಿ ನಿಲ್ಲಿಸಿದ್ದಾರೆ?
ಎಲ್ಲಿಂದ ಶುರು ಮಾಡಿದ್ರು?
ಆ ಜಾಗ, ಆ ಮಾತು ನಿಜ ಅನ್ನಿಸುತ್ತಾ?
ಏನನ್ನ ಹೇಳದೇ ಬಿಟ್ರು?

ಚಿಂತಾಮಣಿಯಿಂದ ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರಕ್ಕೆ ಬರೋ ಬಸ್ಸಿನಲ್ಲೋ ರೈಲಿನಲ್ಲೋ ಒಂದು ಸಣ್ಣ ಕಥೆ ಆರಾಮಾಗಿ ಮುಗಿಯುತ್ತೆ. ಮಾಸ್ತಿಯವರದ್ದೇ ತಗೊಳ್ಳಿ. ಓದಿ ಆದ್ಮೇಲೆ ರತ್ನ ಈ ಕಥೆಯನ್ನ ಹೇಗೆ ಹೇಳ್ತಿದ್ಲು ಅಂತ ಕಾಮೆಂಟ್‌ನಲ್ಲಿ ಐದು ಸಾಲು ಬರೀರಿ. ನಿಮ್ಮ ಮನೆಯಲ್ಲಿ ಆಡೋ ಕನ್ನಡದಲ್ಲೇ ಬರೀರಿ, ಮಧ್ಯೆ ತೆಲುಗು ಬಂದ್ರೂ ಪರವಾಗಿಲ್ಲ.

ಮತ್ತೆ ಯಾರಾದ್ರೂ ‘ಅದೆಲ್ಲ ಸರಿ, ಕಥೆಯ ನೀತಿ ಏನು?’ ಅಂತ ಕೇಳಿದ್ರೆ, ಅವರಿಗೆ ಪುಸ್ತಕ ಕೊಡಿ. ಸಾರಾಂಶ ಹೇಳಬೇಡಿ.

#ಸಾರಾಂಶಸಾಕು #ಕಥೆಓದಿ #ಚಿಕ್ಕಬಳ್ಳಾಪುರ #ಶಿಡ್ಲಘಟ್ಟ #ಚಿಂತಾಮಣಿ #ಗೌರಿಬಿದನೂರು